ನೋಟಿಸ್ ಮುಟ್ಟಿಸಿದವನು

"ಆ ಟೈರ್ ಅಂಗಡಿಯವನು ನಿಮಗೇನು ಭಾವನಾ, ಮೈದುನನಾ?"

ಕೋರ್ಟಿನ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಗೆ ಕೇಳಿದ ವಕೀಲೆಯ ಕೈಯಲ್ಲಿ ವಾಪಸ್ ಬಂದ ನೋಟಿಸ್ ಇತ್ತು. ಎರಡನೆಯ ಸಲವೂ ಅದರ ಮೇಲೆ ಅದೇ ಷರಾ... 'ಮನೆಗೆ ಬೀಗ. ವ್ಯಕ್ತಿ ಸಿಗಲಿಲ್ಲ.'

ಬರೆದವನು ಎದುರಿಗೇ ನಿಂತಿದ್ದ. ನೋಟಿಸ್ ತಲುಪಿಸುವ ಅಮೀನ. ಈ ಕೋರ್ಟಿಗೆ ಹೊಸಬ.

"ಬೀಗ ಇತ್ತು ಮೇಡಂ. ಇದ್ದದ್ದನ್ನ ಬರೆದೆ."

"ಹಾಗಾದ್ರೆ ಇದನ್ನೂ ನೋಡಿ ಬರ್ಕೊಳ್ಳಿ."

ಅವಳು ಬೆಂಚಿನತ್ತ ಕೈ ತೋರಿಸಿದಳು. ಅಲ್ಲಿ ಕೂತಿದ್ದ ಹೊಲಿಗೆಯವಳು ಪ್ಲಾಸ್ಟರ್ ಹಾಕಿದ ಬಲಗೈಯನ್ನು ಮಡಿಲಿಗೆಳೆದುಕೊಂಡಳು. ಅವಳ ಗಂಡ, ಆ ಟೈರ್ ಅಂಗಡಿಯವನೇ, ಮುರಿದ ಕೈ ಅದು. ತನ್ನ ಹತ್ತಿರ ಅವನು ಸುಳಿಯದಂತೆ ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿದ್ದಳು. ಅವನಿಗೆ ನೋಟಿಸ್ ಮುಟ್ಟದೆ ಅರ್ಜಿ ಮುಂದೆ ಸರಿಯುವಂತಿರಲಿಲ್ಲ.

ಅಮೀನ ಆ ಕೈಯನ್ನೇ ನೋಡಿದ.

"ಶುಕ್ರವಾರದೊಳಗೆ ಮುಟ್ಟಿಸ್ತೀನಿ" ಅಂದು ಹೊರಟುಹೋದ.

ಇಂಥ ಮಾತು ಎಷ್ಟು ಕೇಳಿಲ್ಲ... ಒಂಬತ್ತು ವರ್ಷದ ಹಿಂದೆ ವಕೀಲೆಯೂ ಗಂಡನ ಮನೆಯಿಂದ ಬರಿಗಾಲಲ್ಲಿ ಹೊರಬಿದ್ದವಳೇ. ನಾಳೆ ಬಾ, ನಾಡಿದ್ದು ಬಾ ಎಂದ ಕಚೇರಿಗಳನ್ನೆಲ್ಲ ಸುತ್ತಿ, ಕೊನೆಗೆ ಹಟ ಹಿಡಿದು ಕಾನೂನು ಓದಿದವಳು. ಆದರೂ ಈ ಮನುಷ್ಯನ ಮಾತು ಯಾಕೋ ಮನಸ್ಸಿನಲ್ಲಿ ಕೂತಿತು.

ಬುಧವಾರ ಬಸ್ಸಿನ ಕಿಟಕಿಯಿಂದ ಅವಳು ಟೈರ್ ಅಂಗಡಿಯತ್ತ ನೋಡಿದಳು.

ಅಮೀನ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದ! ಕೈಯಲ್ಲಿ ಟೀ ಲೋಟ. ಅಂಗಡಿಯವನ ತಮ್ಮನ ಜೊತೆ ನಗುತ್ತಿದ್ದ.

'ಎರಡು ದಿನ ನಂಬಿಬಿಟ್ಟೆನಲ್ಲ... ಇಷ್ಟು ಪೆಟ್ಟು ತಿಂದಮೇಲೂ ನನಗೆ ಬುದ್ಧಿ ಬರಲಿಲ್ಲವಲ್ಲ.'

ಮನೆಗೆ ಬಂದವಳೇ ಅವನ ಮೇಲೆ ಎರಡು ಪುಟ ದೂರು ಬರೆದಳು. ಪ್ರತಿ ಅಕ್ಷರಕ್ಕೂ ಪೆನ್ನು ಕಾಗದ ತೂತು ಮಾಡುವಷ್ಟು ಸಿಟ್ಟು.

ಶುಕ್ರವಾರ ಕೇಸು ಕರೆದಾಗ ಅವಳು ದೂರು ಹಿಡಿದೇ ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ಗುಮಾಸ್ತರು ಹೇಳಿದರು: "ನೋಟಿಸ್ ಜಾರಿಯಾಗಿದೆ ಸ್ವಾಮಿ."

ಬಾಗಿಲ ಬಳಿ ಅಮೀನ ನಿಂತಿದ್ದ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ.

"ಏನಾಯಿತು?" ನ್ಯಾಯಾಧೀಶರು ಕೇಳಿದರು.

"ಮೂರು ದಿನ ಗಿರಾಕಿ ಥರ ಅಂಗಡೀಲಿ ಕೂತೆ ಸ್ವಾಮಿ, ತಮ್ಮನ ಜೊತೆ ಹರಟೆ ಹೊಡ್ಕೊಂಡು. ನಿನ್ನೆ ಮಧ್ಯಾಹ್ನ ಇವರು ಹಿಂಬಾಗಿಲಿಂದ ಬಂದ್ರು. ಕೈಗೆ ಕೊಟ್ಟೆ, ಸ್ಪ್ಯಾನರ್‌ನಲ್ಲಿ ಹೊಡೆದ್ರು. ಇಬ್ಬರು ಗಿರಾಕಿಗಳು ಸಾಕ್ಷಿಯಾಗಿ ಸಹಿ ಹಾಕಿದ್ದಾರೆ."

ವಕೀಲೆ ದೂರನ್ನು ಮೆಲ್ಲಗೆ ಫೈಲಿನೊಳಗೆ ತಳ್ಳಿದಳು.

"ಇದು ಗಂಡ ಹೆಂಡತಿ ವಿಷಯ, ಮನೇಲೇ ಮುಗಿಸ್ಕೋತೀವಿ" ಎಂದು ನೋಟಿಸಿನಂತೆ ಹಾಜರಾಗಿದ್ದ ಟೈರ್ ಅಂಗಡಿಯವನು ಗೊಣಗಿದ.

ಹೊಲಿಗೆಯವಳು ತಾನಾಗಿಯೇ ಎದ್ದು ನಿಂತಳು.

"ಮುಗಿಸ್ಕೊಂಡಿದ್ದು ಸಾಕು. ಈ ಕೈ ನನ್ನದು ಸ್ವಾಮಿ. ಅವನು ಬೀಗ ಹಾಕಿಟ್ಟಿರೋ ಹೊಲಿಗೆ ಮಿಷನ್ನೂ ನನ್ನದು. ಎರಡೂ ನನಗೆ ಬೇಕು."

ಮಧ್ಯಾಹ್ನದೊಳಗೆ ಆದೇಶ ಬಂತು. ಅವಳಿರುವ ಮನೆಗಾಗಲಿ, ಕೆಲಸದ ಜಾಗಕ್ಕಾಗಲಿ ಅವನು ಕಾಲಿಡುವಂತಿಲ್ಲ. ಮಿಷನ್ ತಂದುಕೊಡಲು ಪೊಲೀಸರೇ ಹೋಗಬೇಕು.

ಅಮೀನ ಮೆಟ್ಟಿಲ ಮೇಲೆ ಕೂತಿದ್ದ. ವಕೀಲೆ ಹೋಗಿ ಎರಡು ಪುಟವನ್ನೂ ಅವನ ಕೈಗಿಟ್ಟಳು.

"ನಿಮ್ಮ ಮೇಲೆ ಬರೆದಿದ್ದು. ಕ್ಷಮಿಸಿ."

ಅವನು ಕೊನೆಯವರೆಗೂ ಓದಿದ. "ಚೆನ್ನಾಗಿ ಬೈದಿದ್ದೀರಿ. ಒಂದು ಕಾಗುಣಿತವೂ ತಪ್ಪಿಲ್ಲ."

ಆಮೇಲೆ ತಗ್ಗಿದ ದನಿಯಲ್ಲಿ ಅಂದ: "ನಮ್ಮಕ್ಕ ಭಾವನ ಮೇಲೆ ಕೊಟ್ಟ ಕೇಸಿನ ನೋಟಿಸ್ ನಾಲ್ಕು ಸಲ ವಾಪಸ್ ಬಂದಿತ್ತು. ಐದನೇದು ಮುಟ್ಟೋ ಹೊತ್ತಿಗೆ ಅವಳೇ ಇರಲಿಲ್ಲ... ಅದಕ್ಕೇ ಈ ಕೆಲಸಕ್ಕೆ ಸೇರಿದೆ."

ಅವಳು ಅವನ ಪಕ್ಕದಲ್ಲೇ ಕೂತಳು.

ಆ ವರ್ಷ ಅವರಿಬ್ಬರೂ ಸೇರಿ ಮೂವತ್ತೊಂದು ಹೆಂಗಸರ ನೋಟಿಸ್ ಮುಟ್ಟಿಸಿದರು. ಮೂವತ್ತೊಂದನೆಯದು ಮುಟ್ಟಿಸಿ ಬರುವಾಗ ಬಸ್ ಸ್ಟಾಪಿನಲ್ಲಿ ಅವಳೇ ಮಾತು ತೆಗೆದಳು.

"ನಿಮ್ಮನ್ನ ಕಂಡ್ರೆ ಇಷ್ಟ ನನಗೆ. ಆದ್ರೆ ಯಾರ ಮನೆಗೂ ಸೊಸೆಯಾಗಿ ಹೋಗಲ್ಲ. ದನಿ ತಗ್ಗಿಸಲ್ಲ. ಈ ಕೆಲಸ ಬಿಡಲ್ಲ. ಈಗಲೇ ಹೇಳಿರ್ತೀನಿ."

"ನಾನು ನಮ್ಮನೆಗೆ ಕರೀಲೇ ಇಲ್ವಲ್ಲ."

ಅವಳ ಮುಖ ಬಾಡಿತು. "ಮತ್ತೆ...?"

"ನೀವು ಕರೆದ್ರೆ ನಾನೇ ಬರೋಣ ಅಂತಿದ್ದೆ. ಅಡುಗೆ ಬರುತ್ತೆ. ಬೈಸ್ಕೊಂಡೂ ಅಭ್ಯಾಸ ಇದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಹಾಗಾದ್ರೆ ಬಾ" ಅಂದಳು, ಮೊದಲ ಸಲ ಏಕವಚನದಲ್ಲಿ.