ಬನ್ನಿಗೆ ಮೊದಲು ಬಿಚ್ಚಬಾರದ ಗಂಟು

ವಿರುಪಣ್ಣ ಗಂಟು ಬಿಚ್ಚಿ ಹಳದಿ ಬಟ್ಟೆಯನ್ನು ಮೇಜಿನ ಮೇಲೆ ಹರವಿದ. ಒಳಗೆ ರಿವಾಲ್ವರ್ ಇರಲಿಲ್ಲ — ಕಿಟಕಿಗೆ ಹಾಕುವ ಕಬ್ಬಿಣದ ಸರಳಿನ ತುಂಡುಗಳಿದ್ದವು!

“ನನ್ನ ರಿವಾಲ್ವರ್ ಎಲ್ಲೈತಿ?”

ಎಲ್ಲರೂ ಗೇಟಿನ ವಾರ್ಡರ್ ಸಹನಾಳ ಕಡೆ ನೋಡಿದರು. ಆ ಗಂಟನ್ನು ಬೆಳಿಗ್ಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವಳು ಅವಳೇ.

ಕನ್ನೇರಹಳ್ಳದ ಉಪಕಾರಾಗೃಹದಲ್ಲಿ ನಿಯಮ ಬಲು ಬಿಗಿ. ಲೈಸೆನ್ಸ್ ಇದ್ದರೂ ಬಂದೂಕು ಒಳಗೆ ಹೋಗುವಂತಿಲ್ಲ. ಗೇಟಿನಲ್ಲೇ ಒಪ್ಪಿಸಬೇಕು. ವಾರ್ಡರ್ ಬಿಚ್ಚಿ ನೋಡಿ, ಗುಂಡು ತೆಗೆಸಿ, ನಂಬರು ಓದಿ ರಿಜಿಸ್ಟರಿನಲ್ಲಿ ಬರೆದು ಪೆಟ್ಟಿಗೆಯಲ್ಲಿಡಬೇಕು. ಒಳಗೆ ಕಾವಲಿರುವವರ ಕೈಯಲ್ಲೂ ಲಾಠಿ ಬಿಟ್ಟು ಬೇರೇನೂ ಇರುವುದಿಲ್ಲ.

ಅಂದು ಬೆಳಿಗ್ಗೆ ಸಹನಾ ಬಿಚ್ಚಿ ನೋಡಿರಲಿಲ್ಲ.

ವಿರುಪಣ್ಣ ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ. ವಿಜಯದಶಮಿಯೆಂದು ಕೈದಿಗಳಿಗೆ ಹೋಳಿಗೆ ಹಂಚಲು ಅನುಮತಿ ಪಡೆದು ಬಂದಿದ್ದ. ಗೇಟಿನಲ್ಲಿ ತಾನಾಗಿಯೇ ಗಂಟು ಚಾಚಿ, “ಒಳಗ ರಿವಾಲ್ವರ್ ಐತಿ ತಂಗಿ. ನಿನ್ನಿ ಖಂಡೇ ಪೂಜಿ ಆಗೈತಿ. ಸಂಜಿಗೆ ಬನ್ನಿ ಮುಡಿಯೂ ಮಟ ಬಿಚ್ಚಬಾರದು. ಹಂಗಽ ಇಡವ್ವಾ” ಎಂದಿದ್ದ. ಗಂಟಿಗೆ ಕುಂಕುಮ ಹಚ್ಚಿತ್ತು, ಹೂವು ಸಿಕ್ಕಿಸಿತ್ತು. ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಮೊದಲೇ, ಆಯುಧಪೂಜೆಯಾದದ್ದನ್ನು ಬಿಚ್ಚಲು ಅವಳಿಗೆ ಕೈ ಬರಲಿಲ್ಲ. ಭಾರ ಇತ್ತು, ಸಾಕೆಂದುಕೊಂಡು ‘ನೋಡಿದೆ’ ಎಂದು ರಿಜಿಸ್ಟರಿನಲ್ಲಿ ಬರೆದಳು. ಹೋಳಿಗೆ ಹಂಚಿ ಬಂದ ವಿರುಪಣ್ಣ ಮಾತ್ರ ಭಾರ ಬೇರೆ ಅನ್ನಿಸುತ್ತದೆಂದು ತಾನೇ ಗಂಟು ಬಿಚ್ಚಿದ್ದ.

ಈಗ ಬಿಚ್ಚಿ ನೋಡಿಲ್ಲವೆಂಬ ಮಾತು ಹೊರಬಿದ್ದರೆ ನೌಕರಿ ಹೋದಂತೆಯೇ. ಹೊರಬೀಳದಿದ್ದರೂ ಬಂದೂಕು ಕಳೆದ ಕೇಸು ಅವಳ ಕೊರಳಿಗೇ ಬೀಳುತ್ತದೆ.

ಗಂಗಾವತಿಯಿಂದ ಸಬ್ ಇನ್‌ಸ್ಪೆಕ್ಟರ್ ಅಂಜುಮ ಬಂದಳು. ಮೊದಲು ಎಲ್ಲರ ಮೊಬೈಲುಗಳನ್ನು ಮೇಜಿನ ಮೇಲಿಡಿಸಿದಳು. ಆಮೇಲೆ ಸಹನಾಳ ಎದುರು ಕುಳಿತಳು.

“ಪೆಟ್ಟಿಗಿ ಕೀಲಿ?”

“ನನ್ನ ಕಡೇನಽ ಇತ್ರಿ.”

“ಒಂದ್ ಗಳಿಗಿನೂ ಬಿಟ್ಟಿಲ್ಲ?”

“ಹೋಳಿಗಿ ಡಬ್ಬಿ ಇಳಸಾಕ ಹೋದಾಗ... ಮೊಳಿಗೆ ಹಾಕಿದ್ದೆ ಮೇಡಂ.”

“ಆಗ ಇಲ್ಲಿ ಯಾರಿದ್ರು?”

“ಗಿಡ್ಡಪ್ಪ. ಕಸ ಹೊಡೀತಿದ್ದ.”

ಗಿಡ್ಡಪ್ಪ ಬೀಗ ಒಡೆಯುವುದರಲ್ಲೇ ಕೂದಲು ನರೆಸಿಕೊಂಡ ಕೈದಿ. ಕರೆಸಿದಾಗ ಪೊರಕೆ ಎದೆಗವುಚಿಕೊಂಡೇ ಬಂದ.

“ಅವ್ವಾರ, ಊರ ಮಂದಿ ಬೀಗೆಲ್ಲ ಮುರದೀನ್ರಿ, ಇಲ್ಲಂತ ಅನ್ನೂದಿಲ್ಲ. ಆದ್ರ ಬಂದೂಕಂದ್ರ ನನಗ ನಿಂತಲ್ಲೇ ಉಚ್ಚಿ ಬರತೈತ್ರಿ!”

ಯಾರೂ ನಗಲಿಲ್ಲ. ಒಳಗೆ ಬ್ಯಾರಕ್ಕುಗಳನ್ನು ಜಾಲಾಡುತ್ತಿದ್ದರು. ತಟ್ಟೆಯೊಂದು ಬಿದ್ದು ಸದ್ದಾದರೂ ಸಹನಾ ಬೆಚ್ಚಿಬೀಳುತ್ತಿದ್ದಳು. ಯಾರ ಕೈಯಲ್ಲಿದೆಯೋ? ಯಾವಾಗ ಸಿಡಿಯುತ್ತದೋ?

ಯಾರ ಮೇಲೆ ಸಿಡಿಯುತ್ತದೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ರಾಮಾಂಜನೇಯ! ಕಾಲುವೆಯ ಕಳ್ಳ ಪಂಪುಸೆಟ್ಟು ಕೀಳಿಸಲು ಹೋದ ನೀರಾವರಿ ನೌಕರನ ಮೇಲೆ ಟಿಪ್ಪರ್ ಹರಿಸಿದ ಡ್ರೈವರ್, ಈಗ ಇಲ್ಲಿನ ಕೈದಿ. ಹರಿಸಲು ಹೇಳಿದವನ ಹೆಸರನ್ನು ನಾಳೆ ಕೋರ್ಟಿನಲ್ಲೇ ಹೇಳುವುದಾಗಿ ಪಟ್ಟು ಹಿಡಿದು ಕುಳಿತಿದ್ದ.

ಸೂಪರಿಂಟೆಂಡೆಂಟ್ ಮರಿಸ್ವಾಮಿ ಬೆವರು ಒರೆಸಿಕೊಂಡರು.

“ಮೊದ್ಲು ಅವನ್ನ ಕೊಪ್ಪಳ ಜೈಲಿಗೆ ಕಳಸ್ರಿ. ಇಲ್ಲಿ ಬಂದೂಕು ಇರೂ ಮಟ ಅವನ ಜೀವಕ್ಕ ಗ್ಯಾರಂಟಿ ಇಲ್ಲ. ವ್ಯಾನ್ ತರಸ್ರಿ!”

“ಅದಽ ಸರಿ ಸಾಹೇಬ್ರ,” ವಿರುಪಣ್ಣ ದನಿಗೂಡಿಸಿದ. “ನನ್ನ ರಿವಾಲ್ವರಿಂದ ಒಬ್ಬರ ಹೆಣ ಬಿದ್ರ ನಾ ಹೆಂಗ ಮುಖ ತೋರಿಸಲಿ? ವ್ಯಾನ್ ಜಲ್ದಿ ಬಿಡಸ್ರಿ.”

ಅಂಜುಮ ತಲೆಯೆತ್ತಿ ಅವನನ್ನು ನೋಡಿದಳು. ಹಳದಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಒಳಮೈ ಕೆರೆದಳು.

“ಅರಿಷಿಣ ಯಾವಾಗ ಹಚ್ಚಿದ್ರಿ ವಿರುಪಣ್ಣಾರ?”

“ನಿನ್ನಿ ಪೂಜಿಯಾಗ.”

“ಒಣಗಿಸಿ ಕಟ್ಟಿದ್ರೋ, ಹಸೀದಿದ್ದಾಗ?”

“ಹಸೀದೇ. ಯಾಕ್ರಿ?”

“ಸುಮ್ನ ಕೇಳಿದೆ.”

ಅಷ್ಟರಲ್ಲಿ ರಾಮಾಂಜನೇಯನನ್ನು ಬೇಡಿ ಹಾಕಿ ಕರೆತಂದರು. ಅವನು ಸಹನಾಳ ಮುಂದೆ ನಿಂತು ಮೆಲ್ಲಗೆ ಕೇಳಿದ.

“ಅಕ್ಕಾರ, ನನ್ನ ಎಲ್ಲಿಗೆ ಒಯ್ತಾರ?”

ಅವನನ್ನು ವ್ಯಾನಿಗೆ ಹತ್ತಿಸಿದರು. ಎಂಜಿನ್ ಗುರುಗುಟ್ಟಿತು.

“ಸಹನಾ, ಗೇಟ್ ತಗಿ!” ಮರಿಸ್ವಾಮಿ ಕೂಗಿದರು.

ಅವಳು ಕೀಲಿ ಹಿಡಿದು ಎದ್ದಳು. ಅಂಜುಮ ಅವಳ ರಟ್ಟೆ ಹಿಡಿದಳು.

“ಒಂದ್ ಮಾತು ಹೇಳಿ ಹೋಗು. ರಿವಾಲ್ವರ್ ನೀ ಕಣ್ಣಾರೆ ನೋಡಿದಿ?”

“ನೋಡೀನಿ ಅಂತ ಬರದೀನ್ರಿ...”

“ಬರದದ್ದು ಕೇಳಲಿಲ್ಲವ್ವಾ. ನೋಡಿದಿ?”

ವ್ಯಾನಿನ ಜಾಲರಿಯ ಹಿಂದೆ ರಾಮಾಂಜನೇಯನ ಮುಖ ಕಾಣುತ್ತಿತ್ತು. ಮನೆ ನಡೆಯುತ್ತಿದ್ದದ್ದೇ ಈ ಸಂಬಳದಿಂದ. ಆದರೆ ಅಲ್ಲಿ ಕೂತವನದು ಜೀವ.

“ಇಲ್ರಿ,” ಅಂದಳು. “ಬಿಚ್ಚಿಲ್ಲ. ಪೂಜಿ ಆಗೈತಿ ಅಂದ್ರು... ಅಂಜಿದೆ. ನಾ ಏನೂ ನೋಡಿಲ್ರಿ!”

“ನಿನ್ನ ಸಸ್ಪೆಂಡ್ ಮಾಡ್ತೀನಿ!” ಮರಿಸ್ವಾಮಿ ಗುಡುಗಿದರು. “ಮೊದ್ಲು ಗೇಟ್ ತಗಿ!”

“ತಗೀಬ್ಯಾಡ,” ಅಂಜುಮ ಹೇಳಿದಳು. “ಅವನ್ನ ಕೊಲ್ಲೂ ಬಂದೂಕು ಗೇಟಿನ ಒಳಗಿಲ್ಲ. ಹೊರಗ ಐತಿ.”

ಸಹನಾ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗೇಟಿಗೆ ಬೆನ್ನು ಕೊಟ್ಟು ನಿಂತಳು. ಅಲ್ಲಿಂದ ಸರಿಯಲಿಲ್ಲ.

ಅಂಜುಮ ಬಟ್ಟೆಯನ್ನು ಎಲ್ಲರಿಗೂ ತೋರಿಸಿದಳು.

“ಒಳಮೈ ನೋಡ್ರಿ. ಸರಳಿನ ಆಕಾರಕ್ಕ ತುಕ್ಕಿನ ಕಲಿ ಕುಂತಾವು. ಇವತ್ತ ಮುಂಜಾನಿ ಯಾರಾರ ಸರಳು ಬದಲಿ ಇಟ್ಟಿದ್ರ ಇಷ್ಟು ತುಕ್ಕು ಹತ್ತತಿತ್ತೇನು? ಹಸಿ ಅರಿಷಿಣದಾಗ ರಾತ್ರಿಯೆಲ್ಲ ಇದ್ದದ್ದು ಇದಽ ಕಬ್ಬಿಣ. ರಿವಾಲ್ವರ್ ಈ ಗಂಟಿನೊಳಗ ಎಂದೂ ಇರಲಿಲ್ಲ.”

“ಏನ್ ಮಾತಾಡ್ತೀರಿ!” ವಿರುಪಣ್ಣ ಎದ್ದು ನಿಂತ. “ನನಗ ಜೀವಬೆದರಿಕಿ ಐತಿ ಅಂತಽ ಸರಕಾರ ಲೈಸೆನ್ಸ್ ಕೊಟ್ಟೈತಿ. ಅದಕ್ಕ ತಂದಿದ್ದೆ.”

“ಜೀವಬೆದರಿಕಿ ಇದ್ದಾವ ರಿವಾಲ್ವರಿಗೆ ಗಂಟು ಬಿಗದು ತಿರಗತಾನೇನ್ರಿ? ಗುಂಡು ಹಾರಸೂ ಮೊದ್ಲು ಗಂಟು ಬಿಚ್ಚೂತನಕ ತಡೀರಿ ಅಂತ ವೈರಿಗೆ ಹೇಳೂದಾ?” ಅಂಜುಮಳ ದನಿ ಏರಲಿಲ್ಲ. “ನಮ್ಮಪ್ಪಂದು ಗಿಣಿಗೇರಾದಾಗ ಗ್ಯಾರೇಜು. ಹುಡುಗುರು ಖಂಡೇ ಪೂಜಿಗೆ ಇಟ್ಟ, ಬೋಲ್ಟು ಬಿಚ್ಚೂ ಪಾನಾನ ಬನ್ನಿ ಮುಡಿಯೂ ಮಟ ನಮ್ಮಪ್ಪ ನಮಗೂ ಮುಟ್ಟಗೊಡತಿರಲಿಲ್ಲ. ಪೂಜಿ ಮಾಡಿದ್ದನ್ನ ಜಾಗಾದಿಂದ ಕದಲಸೂದಿಲ್ಲ. ನೀವು ಜೈಲಿನ ಮಟ ಹೊತ್ಕೊಂಡು ಬಂದ್ರಿ. ಬಿಚ್ಚಬಾರದು ಅನ್ನೂ ಶಾಸ್ತ್ರ ನೆನಪಿತ್ತು, ಕದಲಸಬಾರದು ಅನ್ನೂದು ಮರತು ಹೋತು?”

“ಯಾಕ ಹಂಗ ಮಾಡ್ತಾರ?” ಮರಿಸ್ವಾಮಿ ತಡವರಿಸಿದರು.

“ನಿಮಗ ಅಂಜಿಕಿ ಹುಟ್ಟಸಾಕ ಸಾಹೇಬ್ರ. ಜೈಲಿನೊಳಗ ಇರೂತನಕ ಈ ಡ್ರೈವರನ್ನ ಯಾರೂ ಮುಟ್ಟಂಗಿಲ್ಲ. ಒಳಗ ಬಂದೂಕು ಐತಿ ಅಂದ ಕೂಡಲೇ ನೀವಽ ಅವನ್ನ ರಸ್ತೆಗೆ ತರತೀರಿ. ರಿವಾಲ್ವರ್ ಕಳಕೊಂಡಾವ ರಿವಾಲ್ವರ್ ಹುಡುಕ್ರಿ ಅನ್ನಲಿಲ್ಲ — ವ್ಯಾನ್ ಬಿಡಸ್ರಿ ಅಂದ. ಹೊರಗ ಹೆಣ ಬಿದ್ರೂ ಬಂದೂಕು ಜೈಲಿನಾಗ ಕಳುವಾದದ್ದು. ಕೇಸು ಈ ಹುಡುಗಿ ಮ್ಯಾಲ!”

“ಸಾಕ್ಷಿ ಏನೈತಿ?” ವಿರುಪಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು.

“ಸುಮ್ನ ಕುಂದರ್ರಿ.”

ವ್ಯಾನಿನ ಎಂಜಿನ್ ಆರಿಸಿದರು. ಎಲ್ಲರೂ ಕಾದರು. ಸಹನಾ ಕೀಲಿ ಕೈಬಿಡಲಿಲ್ಲ. ಅಂಜುಮಳ ಲೆಕ್ಕ ತಪ್ಪಿದರೆ? ನಿಜಕ್ಕೂ ಬಂದೂಕು ಒಳಗೇ ಇದ್ದರೆ?

ಮೇಜಿನ ಮೇಲಿದ್ದ ಫೋನೊಂದು ಗುಂಯ್‌ಗುಟ್ಟಿತು. ವಿರುಪಣ್ಣ ಕೈ ಚಾಚುವಷ್ಟರಲ್ಲಿ ಅಂಜುಮ ಕರೆ ಎತ್ತಿ ಸ್ಪೀಕರ್ ಒತ್ತಿದಳು.

“ಅಣ್ಣಾ, ವ್ಯಾನ್ ಇನ್ನೂ ಬರವಲ್ದು! ನಿಮ್ಮ ರಿವಾಲ್ವರ್ ಸೊಂಟಕ್ಕ ಸಿಗಿಸ್ಕೊಂಡು ಕಾಲವಿ ಪುಲ್ ಮ್ಯಾಲ ಎಷ್ಟೊತ್ತು ನಿಂದ್ರಲಿ?”

ವಿರುಪಣ್ಣ ಕುರ್ಚಿಯಲ್ಲಿ ಕುಸಿದ. ವ್ಯಾನಿನ ಜಾಲರಿಗೆ ಮುಖ ಒತ್ತಿ ರಾಮಾಂಜನೇಯ ಕೂಗಿದ.

“ಇವನಽ ರೀ! ಟಿಪ್ಪರ್ ಹಾಯಿಸು ಅಂದಾವ ಇವನಽ! ಕೋರ್ಟಿನ ಮಟ ಯಾಕ, ಈಗಽ ಬರಕೋರಿ!”

ಕೊಪ್ಪಳ ರಸ್ತೆಯ ಕಾಲುವೆ ಸೇತುವೆ ಮೇಲೆ ನಿಂತಿದ್ದವನು ಸ್ವಲ್ಪ ಹೊತ್ತಿಗೇ ಸಿಕ್ಕಿಬಿದ್ದ. ಅವನ ಸೊಂಟದಲ್ಲಿದ್ದದ್ದು ವಿರುಪಣ್ಣನ ರಿವಾಲ್ವರೇ.

ಬಿಚ್ಚಿ ನೋಡದ ತಪ್ಪಿಗೆ ಸಹನಾಳಿಗೆ ನೋಟಿಸು ಮಾತ್ರ ತಪ್ಪಲಿಲ್ಲ. ನೌಕರಿಯ ಬಗ್ಗೆ ವಿಚಾರಣೆ ಮುಗಿಯುವವರೆಗೆ ಏನೂ ಹೇಳಲಾರೆನೆಂದರು ಮರಿಸ್ವಾಮಿ. ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು, ಅಳುವೂ ಬಂತು.

ಸಂಜೆ ಬ್ಯಾರಕ್ಕಿನ ಮುಂದೆ ಹಾಯುವಾಗ ರಾಮಾಂಜನೇಯ ಸರಳಿನ ಸಂದಿಯಿಂದ ಮುಚ್ಚಿದ ಮುಷ್ಟಿ ಚಾಚಿದ.

“ಅಕ್ಕಾರ, ತಗೋರಿ.”

ಸಹನಾ ನಿಂತಳು. ಕೈ ಮುಂದೆ ಮಾಡಲಿಲ್ಲ.

“ಮೊದ್ಲು ಬಿಚ್ಚಿ ತೋರ್ಸು.”

ಅವನು ಮುಷ್ಟಿ ಬಿಚ್ಚಿದ. ಗಿಡ್ಡಪ್ಪ ಅಂಗಳದ ಗಿಡದಿಂದ ಕಿತ್ತುಕೊಟ್ಟ ನಾಲ್ಕು ಬನ್ನಿ ಎಲೆ.

“ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ,” ಅಂದ.