ಮೌರಿಸ್ ಹೇಳದೇ ಇಟ್ಟ ನೋವು

ರೋಗಿಯನ್ನು ಒಬ್ಬನೇ ಎತ್ತಿ ಟ್ರಾಲಿಗೆ ಮಲಗಿಸಿದ ಅಟೆಂಡರ್ ಮೌರಿಸ್‌ನನ್ನು ನೋಡಿ ಹೊಸ ನರ್ಸ್ ವೆರೊನಿಕಾ ಹುಬ್ಬೇರಿಸಿ ನಕ್ಕಳು. ಅವರ ಮೊದಲ ಭೇಟಿ ಅದು. ಆ ನಗುವನ್ನು ಇನ್ನೊಮ್ಮೆ ನೋಡಲೆಂದೇ ಮಣಿಪಾಲದ ಆ ಆಸ್ಪತ್ರೆಯಲ್ಲಿ ಮೌರಿಸ್ ವರ್ಷವಿಡೀ ಯಾರನ್ನೂ ನೆರವಿಗೆ ಕರೆಯಲಿಲ್ಲ.

೧೯೮೧ರ ಡಿಸೆಂಬರಿನಲ್ಲಿ ಅವನ ಸೊಂಟಕ್ಕೆ ಚಳುಕು ಹಿಡಿಯಿತು. ಯಾರಿಗೂ ಹೇಳಲಿಲ್ಲ. ಕೆಲಸ ಹೋಗುವ ಹೆದರಿಕೆ ಇತ್ತು. ಅವಳಿಗೆ ತಿಳಿದರೆ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಿತ್ತು.

ಜನವರಿಯ ಒಂದು ಬೆಳಗ್ಗೆ ಕಾಲು ಮುರಿದ ದಪ್ಪ ರೋಗಿಯೊಬ್ಬರನ್ನು ಅವನೂ ವೆರೊನಿಕಾಳೂ ಸೇರಿ ಮಂಚಕ್ಕೆ ಎತ್ತುತ್ತಿದ್ದರು. ನಡುವೆ ಮೌರಿಸ್‌ನ ಬೆನ್ನು ಸೆಳೆದುಕೊಂಡಿತು, ಕೈ ಸಡಿಲಿತು. ಪೂರ್ತಿ ಭಾರ ವೆರೊನಿಕಾಳ ಮೇಲೆ ಬಿತ್ತು. ಅವಳು ರೋಗಿಯನ್ನು ಬಿಡಲಿಲ್ಲ. ಆದರೆ ಆಮೇಲೆ ಅವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ.

"ನನ್ನದೇ ಕಾಲು ಜಾರಿತು," ಎಂದಳು ಮೇಟ್ರನ್ನರಿಗೆ.

ಪಕ್ಕದಲ್ಲೇ ನಿಂತಿದ್ದ ಮೌರಿಸ್ ಬಾಯಿ ಬಿಡಲಿಲ್ಲ.

ಮೂರು ವಾರ ಅವನಿಗೆ ಅನ್ನ ಸೇರಲಿಲ್ಲ. ಕೊನೆಗೊಂದು ದಿನ ಮೇಟ್ರನ್ನರಿಗೆ ಎಲ್ಲವನ್ನೂ ಹೇಳಿ, ನೇರ ಬಸ್ಸು ಹತ್ತಿ, ರಜೆಯಲ್ಲಿದ್ದ ವೆರೊನಿಕಾಳ ಕಾಪುವಿನ ಮನೆಗೆ ಬಂದ.

ಬೆನ್ನಿಗೆ ಪೆಟ್ಟಾಗಿದ್ದ ವೆರೊನಿಕಾ ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗಿದ್ದಳು. ತಾಯಿ ಅವನಿಗೊಂದು ಮಣೆ ಕೊಟ್ಟು ಚಾ ಮಾಡಲು ಒಳಗೆ ಹೋದರು.

"ಸಿಸ್ಟರ್, ಕೈ ಬಿಟ್ಟದ್ದು ನಾನು. ಬೆನ್ನುನೋವು ಅಡಗಿಸಿ ಇಟ್ಟಿದ್ದೆ."

"ಗೊತ್ತುಂಟು. ನೀವು ಗೋಡೆ ಹಿಡಿದು ಚಪ್ಪಲಿ ಹಾಕುವುದು ನೋಡಿದ್ದೆ."

"ಮತ್ತೆ ಎಂತಕ್ಕೆ ಸುಳ್ಳು ಹೇಳಿದಿರಿ?"

"ನಿಮ್ಮನ್ನು ತೆಗೆದುಹಾಕುತ್ತಾರೆ ಅಂತ." ಅವಳು ಮುಖ ಗೋಡೆಗೆ ತಿರುಗಿಸಿದಳು. "ಒಂದು ಸಲ ನೋಡಲಿಕ್ಕಾದರೂ ಬರುತ್ತೀರಿ ಅಂದುಕೊಂಡಿದ್ದೆ. ಬರಲಿಲ್ಲ. ಅದೇ ಹೆಚ್ಚು ನೋವಾದದ್ದು."

ಮೌರಿಸ್‌ಗೆ ನೆಲ ಬಿಟ್ಟು ಬೇರೇನೂ ನೋಡಲಾಗಲಿಲ್ಲ. "ಇವತ್ತು ಮೇಟ್ರನ್ನರಿಗೆ ಹೇಳಿದೆ. ಇನ್ನು ನನಗೆ ಬೆಡ್‌ಶೀಟ್ ಮಡಚುವ ಕೆಲಸ. ನೀವು ನೋಡಿ ನಕ್ಕ ಆ ಗಟ್ಟಿ ಆಳು ಈಗ ಇಲ್ಲ."

"ನಾನು ನಕ್ಕದ್ದು ನಿಮ್ಮ ಜಂಬ ನೋಡಿ ಮಾರಾಯ್ರೆ." ಮುಖ ಈಚೆ ತಿರುಗಿಸಿದ ಅವಳ ಕಣ್ಣಂಚಿನಲ್ಲಿ ತುಂಟತನ ಮಿಂಚಿ ಹೋಯಿತು.

ಅವನು ಹಲಗೆಯ ಹತ್ತಿರ ಸರಿದ. "ನಿಮ್ಮ ಅಮ್ಮನ ಹತ್ತಿರ ಒಂದು ಮಾತು ಕೇಳಲಾ?"

"ಮೊದಲು ನನ್ನ ಹತ್ತಿರ ಕೇಳಿ. ಸಿಸ್ಟರ್ ಅನ್ನದೆ."

"ವೆರೊನಿಕಾ..." ಅವಳು ಕಷ್ಟಪಟ್ಟು ಮಗ್ಗುಲಾಗಿ ಅವನ ಬೆರಳು ಹಿಡಿದಳು.

ತಾಯಿ ಚಾ ತಂದರು. ಗೌರವಕ್ಕೆ ಎದ್ದು ನಿಲ್ಲಲು ಹೋದ ಮೌರಿಸ್‌ಗೆ ಮಣೆಯಿಂದ ಏಳಲಾಗಲಿಲ್ಲ. ಬಾಯಿಂದ ನರಳಿಕೆ ಹೊರಟಿತು. ಅವನು ಅದನ್ನು ಕೆಮ್ಮಿ ಮರೆಸಲಿಲ್ಲ.

"ಅಮ್ಮ, ಅವರನ್ನು ಸ್ವಲ್ಪ ಕೈ ಹಿಡಿದು ಎಬ್ಬಿಸಿ," ಎಂದಳು ವೆರೊನಿಕಾ. "ಇನ್ನು ಅವರು ನಮ್ಮವರೇ."