ಆವನಿಯ ಗೂಬೆ ಪೆಟ್ಟಿಗೆ

ಮಂಗಳವಾರ ಬೆಳಗ್ಗೆ 9.40ಕ್ಕೆ ಆವನಿಯ ಆಂಜಿನಮ್ಮ ಠಾಣೆಗೆ ಬಂದು, ತನ್ನ ಟೊಮೆಟೊ ತೋಟದಲ್ಲಿ ಗೂಬೆ ವಾಸಕ್ಕೆಂದು ಕಂಬದ ಮೇಲೆ ಕಟ್ಟಿದ್ದ ಪೆಟ್ಟಿಗೆ ಕಳವಾಗಿದೆ ಎಂದು ದೂರು ಕೊಟ್ಟಳು.

"ಗೂಬೇನೂ ಹೋಯ್ತಾ?" ಎಂದು ಸಬ್ ಇನ್‌ಸ್ಪೆಕ್ಟರ್ ಶಿರೀಷಾ ಕೇಳಿದರು. ನಗು ಬಂದುಬಿಟ್ಟೀತೆಂದು ಮುಖ ಬಿಗಿಹಿಡಿದಿದ್ದರು.

"ಒಳಗೇ ಮಲಗಿತ್ತಮ್ಮ. ಏಳು ಗಂಟೆಗೆ ನೋಡ್ಬಿಟ್ಟು ಡೈರಿಗೆ ಹಾಲು ಹಾಕೋಕೆ ಹೋದೆ. ಬರೋಷ್ಟ್ರಲ್ಲಿ ಕಂಬ ಬೋಳು. ನಾಳೆ ಹನ್ನೊಂದಕ್ಕೆ ಪರಿಶೀಲನೆಯೋರು ಬರ್ತಾರೆ. ಗೂಬೆ ಇಲ್ದಿದ್ರೆ ಸರ್ಟಿಫಿಕೇಟೂ ಇಲ್ಲ."

ಇಲಿಗೆ ವಿಷವಿಡದೆ, ಹಕ್ಕಿಪಕ್ಷಿಗಳನ್ನು ಉಳಿಸಿಕೊಂಡು ಬೆಳೆಯುವ ತೋಟಗಳಿಗೆ ಒಂದು ಸಂಸ್ಥೆ ಕೊಡುವ ಪ್ರಮಾಣಪತ್ರ ಅದು. ಊರವರೆಲ್ಲ ಬೆಲೆಯಿಲ್ಲದೆ ಟೊಮೆಟೊವನ್ನು ರಸ್ತೆಗೆ ಸುರಿದ ವಾರವೂ ಬೆಂಗಳೂರಿನ ಅಂಗಡಿಯವರು ಆಂಜಿನಮ್ಮನಿಗೆ ಒಪ್ಪಿದ ದರವನ್ನೇ ಕೊಟ್ಟಿದ್ದು ಅದರ ದೆಸೆಯಿಂದ.

ಶಿರೀಷಾ ಎಫ್‌ಐಆರ್ ದಾಖಲಿಸಿದರು. 10.45ಕ್ಕೆ ತೋಟದಲ್ಲಿ ಪಂಚನಾಮೆ ಶುರುವಾಯಿತು. ಕಂಬದ ಬುಡದಲ್ಲಿ ಏಣಿ ಊರಿದ ಎರಡು ಗುಳಿ. ಅವುಗಳ ನಡುವಿನ ಅಂತರವನ್ನು ಶಿರೀಷಾ ಎರಡು ಸಲ ಅಳೆಸಿದರು.

"ಮೇಡಂ, ಆ ಕಾಗೆಗಳಿಗೇನಾಗಿದೆ?" ಎಂದ ಕಾನ್‌ಸ್ಟೆಬಲ್ ಸಾದಿಕ್.

ಪಕ್ಕದ ಹೊಲದ ಹುಣಸೆಮರದ ಮೇಲೆ ಕಾಗೆಗಳು ಊರು ಕಿತ್ತುಹೋಗುವಂತೆ ಕೂಗುತ್ತಿದ್ದವು. ಮರದ ಕೆಳಗೆ ರಾಗಿ ಬಣವೆ, ಬಣವೆಗೆ ಒರಗಿಸಿದ ಏಣಿ. ಹೊಲದ ಒಡೆಯ ಮುನಿಶಾಮಿ ಓಡಿಬಂದ.

"ಮೇಡಂ, ಸುಮ್ನೆ ನನ್ ಮೇಲೆ ಗೂಬೆ ಕೂರಿಸ್ಬೇಡಿ."

ಸಾದಿಕ್ ಮೇಲೆ ನೋಡಿದ. "ನಾವ್ಯಾಕೆ ಕೂರ್ಸೋಣ? ಅದಾಗ್ಲೇ ಕೂತೈತೆ."

ಎಲೆಗಳ ಮರೆಯಲ್ಲಿ ಕಟ್ಟಿದ ಪೆಟ್ಟಿಗೆ. ಪಕ್ಕದ ಕೊಂಬೆಯ ಮೇಲೆ, ಕಾಗೆಗಳ ನಡುವೆ, ಬಿಳಿ ಮುಖದ ಗೂಬೆ ಕಣ್ಣು ಮುಚ್ಚಿ ಕೂತಿತ್ತು. ಏಣಿಯ ಕಾಲುಗಳು ಗುಳಿಗಳ ಅಳತೆಗೆ ಸರಿಹೊಂದಿದವು.

"ಪೆಟ್ಟಿಗೇನ ಯಾಕೆ ಇಲ್ಲಿಗೆ ತಂದೆ?" ಎಂದರು ಶಿರೀಷಾ.

"ಇಲಿ ಮೇಡಂ. ಬಣವೆ ಅರ್ಧ ತಿಂದಾಕಿದವೆ. ಆಯಮ್ಮನ ಹೊಲದಾಗೆ ಒಂದೂ ಇಲ್ಲ."

"ಕೇಳಬಹುದಿತ್ತಲ್ಲ?"

ಉತ್ತರ ಕೊಟ್ಟವಳು ಆಂಜಿನಮ್ಮ. "ಹೆಂಗೆ ಕೇಳ್ತಾನಮ್ಮ? ಗೂಬೆ ಸಾಕ್ದೋರ ಮನೆ ಹಾಳು ಅಂತ ಎರಡು ವರ್ಷದಿಂದ ಟೀ ಅಂಗ್ಡೀಲಿ ಆಡ್ಕೊಂಡು ನಕ್ಕೋನು."

ಹೇಳಿಕೆಗಳೆಲ್ಲ ಮುಗಿದು ಮಧ್ಯಾಹ್ನ 3.50ಕ್ಕೆ ಮುನಿಶಾಮಿಯ ದಸ್ತಗಿರಿಯಾಯಿತು. ಪೆಟ್ಟಿಗೆಯ ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಆಂಜಿನಮ್ಮನ ವಶಕ್ಕೆ ಕೊಟ್ಟರು. ಗೂಬೆಯನ್ನು ವಶಕ್ಕೆ ಕೊಡುವ ಬಗೆ ಯಾರಿಗೂ ತಿಳಿಯಲಿಲ್ಲ. ಶಿರೀಷಾಗೆ ಅದೇ ಚಿಂತೆ. ಸಂಜೆ ಆಂಜಿನಮ್ಮ ಪೆಟ್ಟಿಗೆಯನ್ನು ಮತ್ತೆ ಕಂಬಕ್ಕೆ ಕಟ್ಟಿಸಿದಳು.

ಬುಧವಾರ 11.10ಕ್ಕೆ ಪರಿಶೀಲನೆಯವರು ಏಣಿ ಹತ್ತಿ ಪೆಟ್ಟಿಗೆಯೊಳಗೆ ಇಣುಕಿದರು. ರಾತ್ರಿ ತಾನಾಗಿಯೇ ಮರಳಿದ್ದ ಗೂಬೆ ಅವರಿಗೆ ಬೆನ್ನು ತಿರುಗಿಸಿ ಮಲಗಿತ್ತು.

ಮಧ್ಯಾಹ್ನ ಕೋರ್ಟಿನಲ್ಲಿ ಮುನಿಶಾಮಿಗೆ ಜಾಮೀನು ನಿಂತವಳು ಆಂಜಿನಮ್ಮನೇ.

"ಕಳ್ಳನಿಗೆ ನೀವೇ ಜಾಮೀನಾ?" ಎಂದರು ಶಿರೀಷಾ.

"ಮುಂದಿನ ವರ್ಷ ಅವನ ಹೊಲಾನೂ ಸರ್ಟಿಫಿಕೇಟಿಗೆ ಸೇರಿಸ್ತೀನಮ್ಮ. ಗೂಬೆಗೆ ನನ್ನ ಒಂದೆಕರೆ ಯಾವ ಮೂಲೆಗೆ?"

ಠಾಣೆಗೆ ಮರಳಿದ ಶಿರೀಷಾ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ 'ಇಲಿ ಕಾಟ' ಎಂದು ಬರೆದರು. ಆಮೇಲೆ ಅದನ್ನು ಹೊಡೆದುಹಾಕಿ, 'ಕೇಳಲು ನಾಚಿಕೆ' ಎಂದು ತಿದ್ದಿ ಸಹಿ ಹಾಕಿದರು.